ಮೂರು ಭಾಷೆಗಳಲ್ಲಿ ನಲವತ್ತೆರಡು ಹೆಸರು

ಲಂಡನ್
14 ಮಾರ್ಚ್ 1945

ಅಪ್ಪಾ,

ಈ ಕಾಗದವನ್ನು ಎಲ್ಲಿಗೆ ಕಳಿಸಬೇಕೆಂದು ತಿಳಿಯದೆಯೇ ಬರೆಯಲು ಕೂತಿದ್ದೇನೆ. ಐದೂವರೆ ವರ್ಷಗಳಲ್ಲಿ ನಿನಗೆ ಬರೆದ ಕಾಗದಗಳಲ್ಲಿ ಹದಿನಾಲ್ಕು ವಾಪಸು ಬಂದಿವೆ. ಒಂಬತ್ತು ಬಂದಿಲ್ಲ. ಆ ಒಂಬತ್ತನ್ನು ನಂಬಿಕೊಂಡು ಬದುಕಿದ್ದೇನೆ.

ಜರ್ಮನರು ಕ್ರಾಕೋವ್ ಬಿಟ್ಟು ಓಡಿದರೆಂದು ಜನವರಿಯಲ್ಲಿ ರೇಡಿಯೊ ಹೇಳಿತು. ಅಂದಿನಿಂದ ವಾರಕ್ಕೆರಡು ಸಲ ರೆಡ್ ಕ್ರಾಸ್ ಕಚೇರಿಗೆ ಹೋಗುತ್ತೇನೆ. ಅಲ್ಲಿನ ಹೆಂಗಸು ಈಗೀಗ ನನ್ನನ್ನು ಬಾಗಿಲಲ್ಲಿ ಕಂಡ ಕೂಡಲೇ ಇಲ್ಲವೆಂದು ತಲೆಯಾಡಿಸುತ್ತಾಳೆ, ನಾನು ಮೆಟ್ಟಿಲು ಹತ್ತುವ ಶ್ರಮ ಉಳಿಯಲಿ ಎಂದು.

ನನ್ನ ವಿಷಯ ಹೇಳುತ್ತೇನೆ. ನಾನೀಗ ಫೆಲಾ ಹೋಲುಬ್. ತಿತುಸ್ ಹೋಲುಬ್ ಎಂಬ ವಿಮಾನ ಚಾಲಕನನ್ನು ನಲವತ್ತರಲ್ಲಿ ಮದುವೆಯಾದೆ. ನಲವತ್ತೊಂದರಲ್ಲಿ ಅವನು ಸಮುದ್ರದ ಮೇಲಿಂದ ಹಿಂದಿರುಗಲಿಲ್ಲ. ನಿನ್ನ ಅಳಿಯನಿಗೆ ನಿನ್ನ ಹಾಗೆಯೇ ಸೂಪ್ ಕುಡಿಯುವಾಗ ಸದ್ದು ಮಾಡುವ ಚಾಳಿ ಇತ್ತು. ಇಷ್ಟು ಸಾಕು.

ಈಗ ಬ್ರಿಟಿಷ್ ಸರ್ಕಾರದ ಒಂದು ಕಚೇರಿಯಲ್ಲಿ ಅನುವಾದಕಿಯಾಗಿದ್ದೇನೆ. ಮೂರು ದೊಡ್ಡ ದೇಶಗಳ ಮುಖಂಡರು ಯಾಲ್ಟಾದಲ್ಲಿ ಕೂತು ಮಾಡಿದ ತೀರ್ಮಾನ ನಿನ್ನ ಕಿವಿಗೂ ಬಿದ್ದಿರಬೇಕು. ಪೋಲೆಂಡಿಗೆ ಎರಡು ಸರ್ಕಾರಗಳಿವೆಯಲ್ಲ, ರಷ್ಯನ್ನರು ವಾರ್ಸಾದಲ್ಲಿ ಕೂರಿಸಿದ್ದು ಒಂದು, ಇಲ್ಲಿ ಲಂಡನ್ನಿನಲ್ಲಿ ದೇಶ ಬಿಟ್ಟು ಬಂದು ಕೂತಿರುವುದು ಒಂದು. ಈಗ ದೇಶದ ಒಳಗಿನವರನ್ನೂ ಹೊರಗಿನವರನ್ನೂ ಸೇರಿಸಿ ಹೊಸದೊಂದನ್ನು ಕಟ್ಟಬೇಕಂತೆ. ಯಾರನ್ನು ಮಾತಿಗೆ ಕರೆಯಬೇಕು ಎನ್ನುವುದರ ಮೇಲೆ ಮಾಸ್ಕೋದಲ್ಲಿ ಮೂರು ದೇಶದವರೂ ತಿಂಗಳಿಂದ ಜಗಳವಾಡುತ್ತಿದ್ದಾರೆ. ಒಬ್ಬರು ಹೇಳಿದ ಹೆಸರನ್ನು ಇನ್ನೊಬ್ಬರು ಹೊಡೆದುಹಾಕುತ್ತಾರೆ. ಹೊಡೆದ ಹೆಸರುಗಳ ಅನುವಾದ ನನ್ನ ಮೇಜಿಗೆ ಬರುತ್ತದೆ.

ನಿನ್ನೆ ಚಹಾದ ಹೊತ್ತಿಗೆ ನಮ್ಮ ವಿಭಾಗದ ಮುಖ್ಯಸ್ಥರಾದ ಥಾರ್ನಬಿ ನನ್ನ ಬಳಿ ಬಂದು ನಿಂತರು.

"ನೀವು ಕ್ರಾಕೋವ್ ಕಡೆಯವರಲ್ವಾ? ಅಲ್ಲಿ ಯಾವ ಪಕ್ಷಕ್ಕೂ ಸೇರದ, ಯಾರೂ ಬೇಡ ಅನ್ನೋಕಾಗದ ಒಬ್ಬ ಮನುಷ್ಯನ ಹೆಸರು ಹೇಳಿ ನೋಡೋಣ."

"ಬದುಕಿರಬೇಕಾ ಸರ್?"

"ಬದುಕಿದ್ರೆ ಅನುಕೂಲ," ಎಂದರು.

"ಲುದ್ವಿಕ್ ರಿಮ್ಶಾ. ನದಿ ಎಂಜಿನಿಯರು. ಪ್ರವಾಹ ಬಂದಾಗ ಇದು ಯಾರ ಮನೆ ಅಂತ ಕೇಳದೆ ಒಡ್ಡು ಕಟ್ಟಿಸಿದವರು."

ಅವರು ಬರೆದುಕೊಂಡರು. ನಮ್ಮಪ್ಪ ಎಂದು ನಾನು ಹೇಳಲಿಲ್ಲ. ನನ್ನ ಉಪನಾಮ ಬೇರೆಯಾದ್ದರಿಂದ ಅವರಿಗೆ ತಿಳಿಯಲೂ ಇಲ್ಲ. ನನಗೆ ಸರ್ಕಾರ ಬೇಕಾಗಿರಲಿಲ್ಲ ಅಪ್ಪಾ. ನೀನು ಇದ್ದೀಯೋ ಇಲ್ಲವೋ ಎಂದು ಯಾರಾದರೂ ಹೋಗಿ ನೋಡಿಕೊಂಡು ಬರಬೇಕಿತ್ತು. ರೆಡ್ ಕ್ರಾಸಿನಿಂದ ಆಗದ ಕೆಲಸಕ್ಕೆ ಮೂರು ಮಹಾಶಕ್ತಿಗಳನ್ನು ಹಚ್ಚಿದ್ದೇನೆ. ನಾನು ಮಾಡಿದ್ದರ ಅಳತೆ ತಿಳಿದದ್ದು ಮನೆಗೆ ಬಂದ ಮೇಲೆ.

ಇದನ್ನು ಮೇಜಿನ ಖಾನೆಯಲ್ಲಿ ಇಡುತ್ತೇನೆ.

ಎಲ್ಲಿದ್ದರೂ ನಿನ್ನವಳಾದ
ಫೆಲಾ


ಲಂಡನ್
9 ಜೂನ್ 1945

ಅಪ್ಪಾ, ಅಪ್ಪಾ,

ನೀನಿದ್ದೀಯ!

ಮಾಸ್ಕೋದಿಂದ ತಂತಿ ಬಂತು. ಕರೆಯಬೇಕಾದವರ ಪಟ್ಟಿ ಕೊನೆಗೂ ಒಪ್ಪಿಗೆಯಾಗಿದೆ. ಆರನೆಯ ಸಾಲಿನಲ್ಲಿ ಹೀಗಿತ್ತು: "ರಿಮ್ಶಾ, ಎಂಜಿನಿಯರ್, ಕ್ರಾಕೋವ್, ಹಳೆಯ ವಿಳಾಸದಲ್ಲೇ ವಾಸ. ಯಾರ ಆಕ್ಷೇಪವೂ ಇಲ್ಲ." ಹಳೆಯ ವಿಳಾಸ ಎಂಬ ಎರಡು ಪದಗಳನ್ನು ಅನುವಾದಿಸಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಪಕ್ಕದವಳು ನಿಘಂಟು ತಂದುಕೊಟ್ಟಳು.

ನಿನ್ನ ವಿಷಯದಲ್ಲಿ ಮೂವರೂ ಒಪ್ಪಿದ್ದು ಏಕೆ ಗೊತ್ತೇ? ನೀನು ಏನು ಯೋಚಿಸುತ್ತೀಯ ಎಂದು ಮೂವರಿಗೂ ಗೊತ್ತಿಲ್ಲದ ಕಾರಣ.

ಥಾರ್ನಬಿಯವರ ಕೋಣೆಗೆ ಹೋಗಿ ತಪ್ಪೊಪ್ಪಿಕೊಂಡೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, "ಯಾರ ಮನೆ ಅಂತ ಕೇಳದೆ ಒಡ್ಡು ಕಟ್ಟಿಸಿದ್ರು ಅಂದಿದ್ದು ಸುಳ್ಳೇನಮ್ಮಾ?" ಎಂದು ಕೇಳಿದರು. ಅಲ್ಲ ಎಂದೆ. "ಹಾಗಾದ್ರೆ ನಾನೇನೂ ಕೇಳಿಸಿಕೊಂಡಿಲ್ಲ. ಕಾಗದ ಬರೆದಿಟ್ಟಿದ್ರೆ ತನ್ನಿ, ಮಾಸ್ಕೋಗೆ ಹೋಗೋ ಸರ್ಕಾರಿ ಟಪಾಲು ಚೀಲಕ್ಕೆ ಹಾಕ್ತೀನಿ." ಹೀಗೆ ಮಾರ್ಚಿನ ಕಾಗದವೂ ಇದರ ಜೊತೆಗೆ ಬರುತ್ತಿದೆ.

ಸಂತೋಷ ಒಂದು ದಿನ ಇತ್ತು. ಆಮೇಲೆ ಹೆದರಿಕೆ ಶುರುವಾಯಿತು. ರಷ್ಯನ್ನರು ಮಾತಿಗೆ ಕರೆದರೆಂದು ಮಾರ್ಚಿನಲ್ಲಿ ಹೋದ, ಭೂಗತರಾಗಿದ್ದ ನಮ್ಮ ಹದಿನಾರು ಮುಖಂಡರು ಮಾಸ್ಕೋದ ಸೆರೆಮನೆಯಲ್ಲಿದ್ದಾರೆಂದು ಕಳೆದ ತಿಂಗಳು ಹೊರಬಿತ್ತು. ಅವರನ್ನೂ ಹೀಗೆಯೇ ಗೌರವದಿಂದ ಕರೆದಿದ್ದರು. ನಿನ್ನನ್ನು ಹುಡುಕಲೆಂದು ನಾನು ಕಳಿಸಿದ ಕೈ ನಿನ್ನನ್ನೇ ಹಿಡಿದುಕೊಂಡರೆ?

ನನ್ನ ಮನೆಯೊಡತಿ ಪಾನಿ ಎವ್ಫೇಮಿಯಾ, ಪಾನಿ ಎಂಬ ಗೌರವ ಬಿಟ್ಟು ಕರೆದರೆ ತಿರುಗಿಯೂ ನೋಡದವಳು, ಲ್ವೋವ್ ಊರಿನ ಕರ್ನಲ್ ಒಬ್ಬರ ವಿಧವೆ. ಅವಳ ಊರನ್ನು ಯಾಲ್ಟಾದಲ್ಲಿ ರಷ್ಯಕ್ಕೆ ಬಿಟ್ಟುಕೊಟ್ಟಾಗಿನಿಂದ ಗಡಿಯಾರಕ್ಕೆ ಕೀಲಿ ಕೊಡುವುದನ್ನೂ ಬಿಟ್ಟಿದ್ದಾಳೆ. ಅವಳಿಗೆ ವಿಷಯ ತಿಳಿದು ಅಡುಗೆಮನೆಯಲ್ಲೇ ಕೂಗಾಡಿದಳು.

"ನಿಮ್ಮಪ್ಪ ಅಲ್ಲಿಗೆ ಹೋಗ್ತಾನಾ? ದೇಶ ಕೊಯ್ಯೋರ ಊಟಕ್ಕೆ ಕೂತ್ಕೋತಾನಾ?"

"ಅವರು ಬದುಕಿದ್ದಾರೆ ಪಾನಿ ಎವ್ಫೇಮಿಯಾ."

"ಅದೇ ಕೇಳ್ತಿರೋದು ಕಣೇ, ಬದುಕಿದ್ದು ಯಾತಕ್ಕೆ ಅಂತ!" ಎಂದಳು. ಮತ್ತೆ ಅವಳೇ ಬಂದು ಬೀಟ್‌ರೂಟ್ ಸೂಪಿನ ಬಟ್ಟಲನ್ನು ನನ್ನ ಮುಂದೆ ಕುಕ್ಕಿ ಹೋದಳು.

ಹೋಗು ಎನ್ನಲೂ ಬಾಯಿ ಬರುತ್ತಿಲ್ಲ, ಬೇಡ ಎನ್ನಲೂ ಬರುತ್ತಿಲ್ಲ. ಅಮ್ಮ ಹೇಗಿದ್ದಾಳೆ? ಗಾಬ್ರಿಯೆಲ್ ಎಷ್ಟೆತ್ತರ ಆಗಿದ್ದಾನೆ? ನಾನು ಹೊರಟಾಗ ಅವನಿಗೆ ಹದಿನೇಳು.

ನಿನ್ನನ್ನು ಕಳೆದುಕೊಂಡಿದ್ದ, ಈಗ ಹುಡುಕಿಕೊಂಡ
ಫೆಲಾ


ಮಾಸ್ಕೋ
16 ಜೂನ್ 1945

ಮಗಳೇ,

ನಿನ್ನ ಎರಡೂ ಕಾಗದ ತಲುಪಿದವು. ಬ್ರಿಟಿಷ್ ರಾಯಭಾರಿ ಕಚೇರಿಯವನೊಬ್ಬ ಹೋಟೆಲಿನ ಊಟದ ಮನೆಯಲ್ಲಿ ನನ್ನ ಪಕ್ಕ ಕೂತು, ಉಪ್ಪು ಕೇಳುವವನ ದನಿಯಲ್ಲಿ, "ನಿಮ್ಮ ಮಗಳು ಚೆನ್ನಾಗಿದ್ದಾರೆ" ಎಂದು ಜರ್ಮನ್ ಭಾಷೆಯಲ್ಲಿ ಹೇಳಿದ. ನಾನು ಅವನಿಗೆ ಉಪ್ಪನ್ನೇ ದಾಟಿಸಿದೆ. ಕೋಣೆಗೆ ಬಂದ ಮೇಲೂ ಲಕೋಟೆ ಒಡೆಯಲಿಲ್ಲ. ನಿನ್ನ ಅಕ್ಷರ ನೋಡುತ್ತಾ ಕೂತಿದ್ದೆ.

ಅಳಿಯನ ವಿಷಯ ಓದಿದೆ. ಅವನ ಫೋಟೊ ಇದ್ದರೆ ಕಳಿಸು.

ಇಲ್ಲಿಗೆ ಹೇಗೆ ಬಂದೆ ಎಂದು ಹೇಳುತ್ತೇನೆ. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಮನೆ ಮುಂದೆ ಸೈನ್ಯದ ಕಾರು ನಿಂತಿತು. ನಿನ್ನ ತೆಯೋಫಿಲಾ ಅತ್ತೆ ಈಗ ನನ್ನ ಜೊತೆಗೇ ಇದ್ದಾಳೆ. ಕಿಟಕಿಯಿಂದ ನೋಡಿದವಳು ಉಣ್ಣೆಯ ಕಾಲುಚೀಲ, ರೈ ರೊಟ್ಟಿ, ಹಂದಿ ಕೊಬ್ಬಿನ ತುಂಡು, ಎಲ್ಲವನ್ನೂ ಗಂಟು ಕಟ್ಟಿದಳು. ಈ ಐದು ವರ್ಷದಲ್ಲಿ ನಮ್ಮ ಹೆಂಗಸರೆಲ್ಲ ಸೆರೆಗೆ ಹೋಗುವವರಿಗೆ ಈ ಗಂಟು ಕಟ್ಟುವುದನ್ನು ಕಲಿತುಬಿಟ್ಟಿದ್ದಾರೆ. ಅಧಿಕಾರಿ ಮೆಟ್ಟಿಲು ಹತ್ತಿ ಬಂದ. ಗಂಟನ್ನು ನೋಡಿ ನಕ್ಕ.

"ಕಾಲುಚೀಲ ಬೇಡ ಅಜ್ಜಾ. ಟೈ ಇದ್ಯಾ?"

"ಟೈ ಯಾಕೆ?"

"ಮಾಸ್ಕೋಗೆ ಹೋಗ್ತಾ ಇದ್ದೀರಿ. ಸರ್ಕಾರ ಮಾಡೋಕೆ."

ತೆಯೋಫಿಲಾ ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕುಸಿದು ಕೂತಳು. "ಇವನಾ?" ಎಂದಳು. "ಇವನಿಗೆ ಮನೇಲಿ ಒಲೆ ಹಚ್ಚೋಕೆ ಬರಲ್ಲ!"

ಮಗಳೇ, ವಿಮಾನದಲ್ಲಿ ಕೂತದ್ದು ಅದೇ ಮೊದಲು. ಮೂವತ್ತೊಂದು ವರ್ಷ ಮೊಣಕಾಲುದ್ದ ಕೆಸರಲ್ಲಿ ನಿಂತು ವಿಸ್ಟುಲಾ ನದಿಯ ಮಟ್ಟ ಅಳೆದೆನಲ್ಲ, ಆ ನದಿಯನ್ನು ಇಡಿಯಾಗಿ ಕಂಡದ್ದು ಅಂದು. ಅದು ನಾನು ಬರೆದ ನಕ್ಷೆಗಳ ಹಾಗಿರಲಿಲ್ಲ. ಮಲಗಿದ ಜೀವಂತ ಪ್ರಾಣಿಯ ಹಾಗಿತ್ತು, ಬೆನ್ನ ಮೇಲೆ ಬೆಳಕು ಸರಿಯುತ್ತಿತ್ತು. ಇಷ್ಟು ದೊಡ್ಡದನ್ನು ನಾನು ಕೋಲು ಹಿಡಿದು ಅಳೆಯುತ್ತಿದ್ದೆನೇ ಎಂದು ಮೈ ಜುಮ್ಮೆಂದಿತು.

ಆಮೇಲೆ ವಾರ್ಸಾ ಬಂತು. ಪೈಲಟ್ ಬೇಕೆಂದೇ ಕೆಳಗೆ ಇಳಿಸಿದನೋ ಏನೋ. ಊರಿಲ್ಲ. ಗೋಡೆಗಳಿವೆ. ಬಿಸಿಲು ಒಂದು ಕಿಟಕಿಯಲ್ಲಿ ಹೊಕ್ಕು ಆಚೆಯ ಕಿಟಕಿಯಲ್ಲಿ ಹೊರಬೀಳುತ್ತದೆ, ನಡುವೆ ಮನೆಯೇ ಇಲ್ಲ. ಮೈಲಿಗಟ್ಟಲೆ ಹಾಗೇ. ನಮ್ಮ ವಿಮಾನದಲ್ಲಿ ಮೂರು ಪಕ್ಷಗಳ ಜನರಿದ್ದರು, ಹೊರಟಾಗಿನಿಂದ ಒಬ್ಬರ ಮುಖ ಒಬ್ಬರು ನೋಡದವರು. ಎಲ್ಲರೂ ಒಂದೇ ಬದಿಯ ಕಿಟಕಿಗೆ ಬಂದು ನಿಂತರು. ಆ ಗೋಡೆಗಳ ನಡುವೆ ಅಲ್ಲೊಂದು ಇಲ್ಲೊಂದು ಕಡೆ ಹೊಗೆ ಏಳುತ್ತಿತ್ತು. "ಇನ್ನೂ ಉರೀತಾ ಇದ್ಯಾ?" ಎಂದು ಯಾರೋ ಕೇಳಿದರು. ಪಕ್ಕದಲ್ಲಿದ್ದ ಮುದುಕ ರೈತ ನಾಯಕ, "ಇಲ್ಲ, ಯಾರೋ ಅಡಿಗೆ ಮಾಡ್ತಾ ಇದ್ದಾರೆ," ಎಂದ.

ಇಲ್ಲಿ ಬಿಳಿ ಬ್ರೆಡ್ಡಿದೆ, ಮೀನಿನ ಮೊಟ್ಟೆ ಇದೆ, ನನ್ನ ಮುಖ ನನಗೇ ಕಾಣುವಂಥ ನೆಲವಿದೆ. ನಾಳೆಯಿಂದ ಸಭೆ.

ನಿನ್ನ ಅಮ್ಮ ನಲವತ್ತಮೂರರ ಫೆಬ್ರವರಿಯಲ್ಲಿ ಹೋದಳು. ಟೈಫಸ್. ಆರು ದಿನ ಮಲಗಿದ್ದಳು. ಕೊನೆಯವರೆಗೂ ನೀನು ಎಲ್ಲೋ ಚೆನ್ನಾಗಿದ್ದೀಯ ಎಂದೇ ಹೇಳುತ್ತಿದ್ದಳು. ಇದನ್ನು ಹೀಗೆ ಬರೆಯಬೇಕಾಯಿತಲ್ಲ.

ಗಾಬ್ರಿಯೆಲ್ ಮನೆಯಲ್ಲಿಲ್ಲ.

ನಿನ್ನ ಅಪ್ಪ


ಲಂಡನ್
19 ಜೂನ್ 1945

ಅಪ್ಪಾ,

ಅಮ್ಮನ ವಿಷಯ ಓದಿ ನಿನ್ನೆ ಕೆಲಸಕ್ಕೆ ಹೋಗಲಿಲ್ಲ. ಪಾನಿ ಎವ್ಫೇಮಿಯಾ ಏನೂ ಕೇಳದೆ ತನ್ನ ಕಪ್ಪು ಶಾಲು ತಂದು ನನ್ನ ಹೆಗಲ ಮೇಲೆ ಹೊದಿಸಿದಳು.

ಆದರೆ ಗಾಬ್ರಿಯೆಲ್ ಮನೆಯಲ್ಲಿಲ್ಲ ಎಂದರೇನು? ನದಿಗೆ, ನೆಲಕ್ಕೆ, ಬ್ರೆಡ್ಡಿಗೆ ಅಷ್ಟು ಸಾಲು ಬರೆದವನು ಮಗನಿಗೆ ಎರಡು ಪದ ಬರೆದಿದ್ದೀಯ. ನಿನ್ನ ಗುಣ ನನಗೆ ಗೊತ್ತಿಲ್ಲವೇ? ನೀನು ಚಿಕ್ಕದಾಗಿ ಹೇಳಿದಷ್ಟೂ ಸಂಗತಿ ದೊಡ್ಡದು.

ಹದಿನಾರು ಮಂದಿಯ ವಿಚಾರಣೆ ನಿನ್ನೆಯಿಂದ ಶುರುವಾಗಿದೆ ಎಂದು ಇಲ್ಲಿನ ಪತ್ರಿಕೆಗಳಲ್ಲಿದೆ. ನೀವು ಸರ್ಕಾರ ಮಾಡಲು ಕೂತಿರುವ ಊರಿನಲ್ಲೇ, ಅದೇ ದಿನಗಳಲ್ಲಿ. ನಿನ್ನ ಹೋಟೆಲಿಗೂ ಅವರು ನಿಂತಿರುವ ಕಟಕಟೆಗೂ ನಡೆದುಹೋಗುವಷ್ಟು ದೂರ ಎಂದು ಥಾರ್ನಬಿ ನಕ್ಷೆಯಲ್ಲಿ ತೋರಿಸಿದರು. ತೋರಿಸಿದವರ ಬೆರಳು ಅಲ್ಲೇ ನಿಂತುಬಿಟ್ಟಿತು.

ಅಪ್ಪಾ, ಅಲ್ಲಿ ನಿನಗೆ ಬಾಯಿ ತೆರೆಯಲು ಅವಕಾಶ ಸಿಕ್ಕರೆ ಗಾಬ್ರಿಯೆಲ್ ಬಗ್ಗೆ ಕೇಳು. ಇಲ್ಲ, ಏನೂ ಕೇಳಬೇಡ. ಟೈ ಬಿಚ್ಚಿ ಮನೆಗೆ ಹೋಗು. ನನಗೆ ಗೊತ್ತಿಲ್ಲ.

ಫೆಲಾ


ಮಾಸ್ಕೋ
22 ಜೂನ್ 1945

ಫೆಲಾ,

ಈಗ ಎಲ್ಲ ಹೇಳುತ್ತೇನೆ. ಕಾಗದ ಉದ್ದವಾಗುತ್ತದೆ, ಕೂತುಕೊಂಡು ಓದು.

ಗಾಬ್ರಿಯೆಲನನ್ನು ಕಳೆದ ಮಾರ್ಚ್ ಹನ್ನೊಂದರಂದು ರಷ್ಯನ್ನರು ಟ್ರಾಮ್ ನಿಲ್ದಾಣದಲ್ಲಿ ಹಿಡಿದುಕೊಂಡು ಹೋದರು. ಜರ್ಮನರ ಕಾಲದಲ್ಲಿ ಅವನು ಗುಪ್ತ ಸೇನೆಯಲ್ಲಿದ್ದ. ನಮ್ಮ ಬೀದಿಯ ಅರ್ಧ ಜನ ಹುಡುಗರು ಇದ್ದರು. ಲಂಡನ್ನಿನ ಸರ್ಕಾರಕ್ಕೆ ಪ್ರಮಾಣ ಮಾಡಿದವರು ಎನ್ನುವುದೇ ಅಪರಾಧ. ಎಲ್ಲಿಗೆ ಕರೆದೊಯ್ದರೆಂದು ಕೇಳಲು ನಾನು ಹನ್ನೆರಡು ಕಚೇರಿಗಳಿಗೆ ಹೋದೆ. ಅಂಥ ಹೆಸರಿನವರು ಯಾರೂ ಇಲ್ಲ ಎಂದು ಎಲ್ಲ ಕಡೆಯೂ ಹೇಳಿದರು.

ಆ ಮಂಗಳವಾರ ಅಧಿಕಾರಿ ನನಗೆ ಸಿದ್ಧವಾಗಲು ಒಂದು ಗಂಟೆ ಕೊಟ್ಟ. ಟೈ ಕಟ್ಟಿಸಿ ಒಯ್ಯುತ್ತಿದ್ದಾರೆ ಎಂದರೆ ಮಾತಾಡಿಸಲು ಒಯ್ಯುತ್ತಿದ್ದಾರೆ ಎಂದು ಬೀದಿಗೆ ಗೊತ್ತಾಗಿಹೋಯಿತು. ನಾನು ಇಳಿಯುವಾಗ ಮೆಟ್ಟಿಲ ತುಂಬ ಹೆಂಗಸರು. ಯಾರೂ ಅಳಲಿಲ್ಲ. ಒಬ್ಬೊಬ್ಬರೂ ನನ್ನ ಜೇಬಿಗೆ ಒಂದೊಂದು ಚೀಟಿ ತುರುಕಿದರು. ಪ್ರಾರ್ಥನೆಯ ಪುಸ್ತಕದ ಹಾಳೆ, ಔಷಧದ ಪೊಟ್ಟಣ, ಸೋಪಿನ ಹೊದಿಕೆ. ಹೆಸರು, ಹುಟ್ಟಿದ ವರ್ಷ, ಹಿಡಿದ ದಿನ. "ಅಲ್ಲಿ ಹೇಳಿ ಪಾನ್ ರಿಮ್ಶಾ" ಎಂದಷ್ಟೇ ಹೇಳಿದರು. ಬಟ್ಟೆ ಒಗೆಯುವ ಸಾಲೋಮೆಯಾಗೆ ಬರೆಯಲು ಬರುವುದಿಲ್ಲ. ಅವಳು ನನ್ನ ಕಿವಿಯಲ್ಲಿ ಹೇಳಿ, ನಾನು ಅದನ್ನು ಎರಡು ಸಲ ಒಪ್ಪಿಸುವವರೆಗೆ ಕೈ ಬಿಡಲಿಲ್ಲ.

ಹೋಟೆಲಿನಲ್ಲಿ ಅವನ್ನೆಲ್ಲ ಶುದ್ಧವಾಗಿ ಎರಡು ಪ್ರತಿ ಬರೆದೆ. ನಲವತ್ತೊಂದು ಹೆಸರು. ಕೊನೆಯಲ್ಲಿ ನಮ್ಮವನದು.

ಹತ್ತೊಂಬತ್ತನೆಯ ತಾರೀಕು ನನ್ನ ಸರದಿ ಬಂತು. ಅಂದು ದೊಡ್ಡವರು ಇರಲಿಲ್ಲ. ಮೂರು ದೇಶಗಳ ಪರವಾಗಿ ಮೂವರು ಕಾರ್ಯದರ್ಶಿಗಳು ಕೂತಿದ್ದರು, ಅಧ್ಯಕ್ಷತೆ ರಷ್ಯದವನದು. ಎದುರಿಗೆ ನಮ್ಮ ಎರಡೂ ಕಡೆಯವರು. ಒಡ್ಡುಗಳ ಸ್ಥಿತಿಯ ಬಗ್ಗೆ ಹತ್ತು ನಿಮಿಷ ಮಾತಾಡಲು ನನ್ನನ್ನು ಕೇಳಿದ್ದರು. ನನ್ನ ಪಕ್ಕದಲ್ಲಿ ರಷ್ಯನ್ ಭಾಷೆಗೆ ಹೇಳುವ ಹುಡುಗಿ. ವಸಿಲಿಸಾ ಅರ್ಕಾದಿಯೆವ್ನಾ. ನಿನಗಿಂತ ಚಿಕ್ಕವಳು, ಕಂದು ಬಣ್ಣದ ಕೋಟಿಗೆ ಎರಡು ಬಗೆಯ ಗುಂಡಿಗಳು. ಇಂಗ್ಲಿಷಿಗೆ ಒಬ್ಬ ಬ್ರಿಟಿಷ್ ಮುದುಕ.

ಒಡ್ಡುಗಳ ವಿಷಯ ನಾಲ್ಕು ನಿಮಿಷದಲ್ಲಿ ಮುಗಿಸಿದೆ. ಪಟ್ಟಿಯ ಒಂದು ಪ್ರತಿಯನ್ನು ಆ ಹುಡುಗಿಯ ಮುಂದೆ ಇಟ್ಟು, ಇನ್ನೊಂದನ್ನು ಹಿಡಿದು ಓದತೊಡಗಿದೆ.

ಮೊದಲ ಹೆಸರನ್ನು ಅವಳು ಅಭ್ಯಾಸಬಲದಿಂದ ಹೇಳಿಬಿಟ್ಟಳು. ಎರಡನೆಯದಕ್ಕೆ ಕೋಣೆಯ ಪೆನ್ನುಗಳೆಲ್ಲ ನಿಂತವು. ಅಧ್ಯಕ್ಷ ತಲೆ ಎತ್ತಿದ.

"ಇದು ನದಿಗೆ ಸಂಬಂಧಪಟ್ಟಿದ್ದಾ?"

"ಹೌದು," ಎಂದೆ. "ಇವರಲ್ಲಿ ಒಂಬತ್ತು ಜನ ನನ್ನ ಒಡ್ಡಿನ ಕೆಲಸದೋರು. ಇವರಿಲ್ದೆ ಮುಂದಿನ ವಸಂತಕ್ಕೆ ನೀರು ಊರಿಗೆ ನುಗ್ಗುತ್ತೆ."

ಅವನು ಅಮೆರಿಕದವನ ಕಡೆ ನೋಡಿದ, ಅಮೆರಿಕದವನು ಬ್ರಿಟನ್ನಿನವನ ಕಡೆ. ಕೂತುಕೋ ಎಂದು ಹೇಳುವ ಮೊದಲಿಗನಾಗಲು ಮೂವರಿಗೂ ಇಷ್ಟವಿರಲಿಲ್ಲ. ನಾನು ಓದುತ್ತಾ ಹೋದೆ.

ನನಗೆ ರಷ್ಯನ್ ಬರುವುದಿಲ್ಲ ಮಗಳೇ. ಆದರೆ ದನಿ ತಿಳಿಯುತ್ತದೆ. ಆ ಹುಡುಗಿ ನಿಲ್ಲಿಸಬಹುದಿತ್ತು. ತಲೆನೋವು ಎನ್ನಬಹುದಿತ್ತು, ಹೆಸರುಗಳನ್ನು ನುಂಗಿ ಗೊಣಗಬಹುದಿತ್ತು. ನಾಲ್ಕನೆಯ ಹೆಸರಿಗೆ ಅವಳು ಎದ್ದು ನಿಂತಳು. ನಾನು ನಿಂತಿದ್ದೆನಲ್ಲ, ಅದಕ್ಕೆ. ಒಂದೊಂದು ಹೆಸರನ್ನೂ, ವರ್ಷವನ್ನೂ, ಹಿಡಿದ ದಿನವನ್ನೂ ಶಾಲೆಯಲ್ಲಿ ಹಾಜರಿ ಕರೆಯುವಂತೆ ಸ್ವಚ್ಛವಾಗಿ ಹೇಳಿದಳು. ಅವಳ ಹಿಂದೆ ಇಂಗ್ಲಿಷಿನ ಮುದುಕ. ಕಿಟಕಿಯಾಚೆ ಮಾಸ್ಕೋದ ಟ್ರಾಮುಗಳು ಓಡುತ್ತಿದ್ದವು. ಅಷ್ಟು ದೊಡ್ಡ ಕೋಣೆಯಲ್ಲಿ, ಜಗತ್ತಿನ ಮೂರು ಅತಿ ಬಲಶಾಲಿ ದೇಶಗಳ ಮುಂದೆ, ನಮ್ಮ ಬೀದಿಯ ಹುಡುಗರು ಒಬ್ಬೊಬ್ಬರಾಗಿ ಒಳಗೆ ಬಂದು ನಿಲ್ಲುತ್ತಿದ್ದ ಹಾಗಿತ್ತು. ಓದುತ್ತಿರುವುದು ನಾನೇ ಎನ್ನುವುದೂ ಮರೆತಿತ್ತು.

ನಲವತ್ತೊಂದಾಯಿತು. ನಲವತ್ತೆರಡನೆಯದಕ್ಕೆ ಬಂದೆ. ಅಕ್ಷರ ಕಣ್ಣ ಮುಂದಿದೆ, ಬಾಯಿಗೆ ಬರುವುದಿಲ್ಲ. ನೀರು ಕುಡಿದೆ. ಬರಲಿಲ್ಲ. ಕೋಣೆ ಕಾಯುತ್ತಿತ್ತು.

ಆಗ ಅವಳು ತನ್ನ ಪ್ರತಿಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಯಾರೂ ಹೇಳದ ಮಾತನ್ನು ಅನುವಾದಿಸುವ ಹಕ್ಕು ಅವಳಿಗಿಲ್ಲ. ಆದರೂ ತಾನೇ ಓದಿದಳು: "ರಿಮ್ಶಾ, ಗಾಬ್ರಿಯೆಲ್, ಲುದ್ವಿಕ್ ಅವರ ಮಗ." ಪಟ್ಟಿಯಲ್ಲಿ ಅಪ್ಪಂದಿರ ಹೆಸರುಗಳಿರಲಿಲ್ಲ. ಅದನ್ನು ಅವಳೇ ಸೇರಿಸಿದಳು. ಇಂಗ್ಲಿಷ್ ಮುದುಕನೂ ಮೆಲ್ಲಗೆ, "ಲುದ್ವಿಕ್ ಅವರ ಮಗ," ಎಂದ. ಆಗ ಎಲ್ಲ ಮುಖಗಳೂ ನನ್ನ ಕಡೆ ತಿರುಗಿದವು.

ಹೊರಗೆ ಅವಳಿಗೆ ಕೃತಜ್ಞತೆ ಹೇಳಹೋದೆ. "ಕಾಗದದಲ್ಲಿದ್ದಿದ್ದನ್ನ ಓದಿದೆ ಅಷ್ಟೆ," ಎಂದು ನಮ್ಮ ಭಾಷೆಯಲ್ಲಿ ಹೇಳಿ ಹೊರಟುಹೋದಳು. ಮರುದಿನ ಅವಳ ಕುರ್ಚಿಯಲ್ಲಿ ಬೇರೊಬ್ಬ ಗಂಡಸು ಕೂತಿದ್ದ.

ವಾರ್ಸಾ ಕಡೆಯ ಪ್ರತಿನಿಧಿ ಸ್ರೋಕಾ ಎಂಬವನು ನನ್ನನ್ನು ಮೂಲೆಗೆ ಕರೆದ. ಕೆಟ್ಟವನಲ್ಲ, ಸುಸ್ತಾದ ಮನುಷ್ಯ.

"ಏನ್ ಮಾಡ್ಬಿಟ್ರಿ ಎಂಜಿನಿಯರೇ! ಮಗನ ಹೆಸರೊಂದನ್ನ ನನ್ನ ಕಿವೀಲಿ ಹೇಳಿದ್ರೆ ವಾರದೊಳಗೆ ಮನೆಗೆ ಕಳಿಸ್ತಿದ್ದೆ. ನಲವತ್ತೆರಡು ಅಂದ್ರೆ ಅದು ರಾಜಕೀಯ."

"ಉಳಿದೋರ ತಾಯಂದಿರಿಗೆ ಏನ್ ಹೇಳ್ಲಿ?"

ಅವನು ಸಿಗರೇಟು ಮುಗಿಸಿದ. "ನಾಳೆ ಒಂದು ಹಾಳೆ ಬರುತ್ತೆ. ಈ ಸಮಾಲೋಚನೇಲಿ ನಾನಿದ್ದೆ ಅಂತ. ಸಹಿ ಹಾಕಿದ್ರೆ ನಿಮ್ಮ ಪಟ್ಟಿ ಯಾರದೋ ಮೇಜಿನ ಮೇಲಿರುತ್ತೆ. ಹಾಕ್ದಿದ್ರೆ ಬುಟ್ಟೀಲಿ."

ಇಪ್ಪತ್ತೊಂದರ ಬೆಳಿಗ್ಗೆ ಆ ಹದಿನಾರು ಜನರ ಶಿಕ್ಷೆ ಪ್ರಕಟವಾಯಿತು. ಅದೇ ದಿನ ಹೊಸ ಸರ್ಕಾರ ಒಪ್ಪಿಗೆಯಾಯಿತು. ನಾನು ಸಹಿ ಹಾಕಿದೆ ಫೆಲಾ. ಪಟ್ಟಿಗಾಗಿ ಹಾಕಿದೆನೋ, ಗಾಬ್ರಿಯೆಲನಿಗಾಗಿಯೋ, ವಾರ್ಸಾದಲ್ಲಿ ಹೊಗೆ ಏಳುತ್ತಿತ್ತಲ್ಲ, ಆ ಅಡಿಗೆ ಮಾಡುವವರಿಗಾಗಿಯೋ, ಬಿಡಿಸಿ ಹೇಳಲು ನನಗೆ ಆಗುತ್ತಿಲ್ಲ. ಸಂಜೆ ಹೊಸ ಸರ್ಕಾರದ ಹೆಸರಿನಲ್ಲಿ ಗಾಜಿನ ಲೋಟಗಳು ಮೇಲೆದ್ದವು. ನನ್ನದೂ ಎದ್ದಿತು.

ನೀನು ಏನಾದರೂ ಅನ್ನು. ಅನ್ನದೆ ಮಾತ್ರ ಇರಬೇಡ.

ನಿನ್ನ ಅಪ್ಪ


ಲಂಡನ್
6 ಜುಲೈ 1945

ಅಪ್ಪಾ,

ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಹನ್ನೊಂದು ದಿನವೂ ನಿನ್ನ ಮೇಲೆ ಸಿಟ್ಟಿತ್ತು. ಯಾವ ಸಾಲಿನ ಮೇಲೆ ಎಂದು ಹುಡುಕಿದರೆ ಸಿಗುತ್ತಿರಲಿಲ್ಲ.

ನಿನ್ನೆ ಬ್ರಿಟನ್ನೂ ಅಮೆರಿಕವೂ ಹೊಸ ಸರ್ಕಾರವನ್ನು ಮಾನ್ಯ ಮಾಡಿದವು. ಎಂದರೆ ಇಲ್ಲಿದ್ದ ನಮ್ಮ ಸರ್ಕಾರ ನಿನ್ನೆಯಿಂದ ಇಲ್ಲ. ಆರು ವರ್ಷ ಸೈನ್ಯ, ಹಡಗು, ವಿಮಾನಗಳಿದ್ದ ಸರ್ಕಾರ. ತಿತುಸ್ ಯಾವುದರ ಹೆಸರಿನಲ್ಲಿ ಹಾರಿದನೋ ಆ ಸರ್ಕಾರ. ಅದು ಮುಗಿಯಿತೆಂದು ತಿಳಿಸುವ ಕಾಗದದ ಪೋಲಿಷ್ ಪ್ರತಿಯನ್ನು ನಾನೇ ಟೈಪು ಮಾಡಿದೆ. ಒಂದೂವರೆ ಪುಟ. ಒಂದು ದೇಶದ ಸರ್ಕಾರ ಒಂದೂವರೆ ಪುಟದಲ್ಲಿ ಹಿಡಿಯುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಹೊರಗೆ ಬಂದರೆ ಬಸ್ಸುಗಳು ಓಡಾಡುತ್ತಿದ್ದವು. ಯಾರ ಮುಖದಲ್ಲೂ ಏನೂ ಇರಲಿಲ್ಲ. ನಾನು ಒಂದು ಗೋಡೆಗೆ ಒರಗಿ ನಿಂತೆ.

ಮನೆಗೆ ಬಂದು ಪಾನಿ ಎವ್ಫೇಮಿಯಾಗೆ ಎಲ್ಲ ಹೇಳಿದೆ. ನಿನ್ನ ಸಹಿಯನ್ನೂ ಮುಚ್ಚಿಡಲಿಲ್ಲ. ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಾಳೆಂದು ಸಿದ್ಧಳಾಗಿದ್ದೆ. ಅವಳು ಕೇಳಿದ್ದೇ ಬೇರೆ.

"ಕೂತ್ಕೊಂಡು ಓದಿದ್ನೋ, ನಿಂತ್ಕೊಂಡೋ?"

"ನಿಂತ್ಕೊಂಡು."

"ನಲವತ್ತೆರಡೂ?"

"ನಲವತ್ತೆರಡೂ."

"ಆ ರಷ್ಯದ ಹುಡುಗೀನೂ ನಿಂತಿದ್ಲು ಅಂದ್ಯಲ್ಲ." ಅವಳು ಎದ್ದು ಹೋಗಿ ಲೋಟ ತೊಳೆಯಲು ಶುರುಮಾಡಿದಳು. ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ಸಹಿ ವಿಷ್ಯ ನನ್ ಹತ್ರ ಇನ್ನೊಂದ್ಸಲ ಎತ್ಬೇಡ. ನಿಂತಿದ್ದು ಮಾತ್ರ ಹೇಳು. ಅದನ್ನ ಎಷ್ಟು ಸಲ ಬೇಕಾದ್ರೂ ಹೇಳು."

ನನ್ನ ಮಾತೂ ಅದೇ ಅಪ್ಪಾ. ಅವಳೇ ಹೇಳಿಬಿಟ್ಟಳು.

ತಿತುಸನ ಫೋಟೊ ಇಟ್ಟಿದ್ದೇನೆ. ಅವನು ನಗುತ್ತಿಲ್ಲ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದಾನೆ.

ನಿನ್ನ ಮಗಳಾಗಿ ಹುಟ್ಟಿದ
ಫೆಲಾ


ಕ್ರಾಕೋವ್
4 ನವೆಂಬರ್ 1945

ಅಕ್ಕಾ,

ನಾನು ಗಾಬ್ರಿಯೆಲ್. ಬರೆಯುವುದು ಮರೆತುಹೋಗಿದೆ, ಬಲಗೈಯ ಎರಡು ಬೆರಳು ಹಿಮಕ್ಕೆ ಹೋದವು, ಅಕ್ಷರ ನೋಡಿ ನಗಬೇಡ.

ಅಕ್ಟೋಬರಿನ ಒಂಬತ್ತರಂದು ಬಂದೆ. ಎಲ್ಲಿದ್ದೆ, ಏನಾಯಿತು ಎಂದು ಅಪ್ಪ ಕೇಳಿಲ್ಲ. ಬಾಗಿಲು ತೆರೆದು ನೋಡಿ, "ತೆಯೋಫಿಲಾ, ಇನ್ನೊಂದು ತಟ್ಟೆ ಹಾಕು," ಎಂದರು. ಆಮೇಲೆ ಸ್ನಾನದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟರು. ಅರ್ಧ ಗಂಟೆ ನೀರಿನ ಸದ್ದೇ ಕೇಳಿಸಿತು. ಅತ್ತೆ, "ನದಿ ಎಂಜಿನಿಯರು ಅಳೋದೂ ಹಾಗೇನೇ," ಎಂದಳು.

ಅಪ್ಪ ಏನು ಮಾಡಿದರೆಂದು ನನಗೆ ಮನೆಯಲ್ಲಿ ಯಾರೂ ಹೇಳಬೇಕಾಗಲಿಲ್ಲ. ಜುಲೈಯಲ್ಲಿ ರಷ್ಯದ ನಮ್ಮ ಕೂಲಿ ಶಿಬಿರದ ಅಧಿಕಾರಿ ನನ್ನನ್ನು ಕರೆಸಿದ. ಅವನ ಮುಂದೆ ಒಂದು ಹಾಳೆ. "ರಿಮ್ಶಾ, ಗಾಬ್ರಿಯೆಲ್, ಲುದ್ವಿಕ್ ಮಗ?" ಎಂದ. ಹೌದು ಎಂದೆ. "ನಿಮ್ಮಪ್ಪ ಯಾರು? ಮಂತ್ರೀನಾ?" "ಅಲ್ಲ, ನದಿ ಅಳೀತಾರೆ." ಅವನು ಹಾಳೆಯನ್ನೂ ನನ್ನನ್ನೂ ಎಷ್ಟು ಸಲ ನೋಡಿದನೋ. "ನಿನ್ನ ಹೆಸರು ಎಲ್ಲಿಗೆಲ್ಲ ಹೋಗಿ ಬಂದಿದೆ ಗೊತ್ತಾ ನಿಂಗೆ?" ಎಂದ. ಅವನ ದನಿಯಲ್ಲಿ ಬೈಗುಳ ಇರಲಿಲ್ಲ ಅಕ್ಕಾ. ಅವನಿಗೂ ಒಂದು ಥರ ಬೆರಗು ಹಿಡಿದಿತ್ತು. ಆ ದಿನದಿಂದ ಆ ಹಾಳೆಯಲ್ಲಿದ್ದ ನಮ್ಮನ್ನು ಗಣಿಯಿಂದ ತೆಗೆದು ಮರ ಕಡಿಯಲು ಹಾಕಿದರು. ಮರ ಕಡಿಯುವವರು ಬದುಕುತ್ತಿದ್ದರು.

ನಲವತ್ತೆರಡರಲ್ಲಿ ಹತ್ತೊಂಬತ್ತು ಜನ ಬಂದೆವು. ಉಳಿದವರ ಸುದ್ದಿ ಇಲ್ಲ. ಅಪ್ಪ ವಾರ್ಸಾದ ಹುದ್ದೆ ಬೇಡವೆಂದು, ದಿನವೂ ಒಡ್ಡಿನ ಕೆಲಸಕ್ಕೆ ಹೋಗುತ್ತಾರೆ. ಭಾನುವಾರ ಪೂಜೆ ಮುಗಿಸಿಕೊಂಡು ಉಳಿದ ಇಪ್ಪತ್ತಮೂರು ಮನೆಗಳಿಗೆ ಹೋಗುತ್ತಾರೆ, ಒಂದು ಭಾನುವಾರ ಒಂದು ಮನೆ. ಸಮಾಧಾನ ಹೇಳುವುದಿಲ್ಲ. ಹೆಸರನ್ನು ಓದಿದೆ, ಅವರು ಕೇಳಿಸಿಕೊಂಡರು ಎಂದು ಹೇಳಿ ಬರುತ್ತಾರೆ. ಇವತ್ತು ನನ್ನನ್ನೂ ಕರೆದುಕೊಂಡು ಹೋದರು, ಬಟ್ಟೆ ಒಗೆಯುವ ಸಾಲೋಮೆಯಾ ಮನೆಗೆ. ಅವಳ ಇಗ್ನಾತ್ಸಿ ನನ್ನ ಜೊತೆಗೇ ಟ್ರಾಮಿಗೆ ಕಾಯುತ್ತಿದ್ದವನು. ರೈಲಿನಲ್ಲಿ ನಮ್ಮನ್ನು ಬೇರೆ ಮಾಡಿದರು. ಅವಳ ಕಣ್ಣು ತಪ್ಪಿಸಿ ನಾನು ಬಾಗಿಲ ಹತ್ತಿರವೇ ನಿಂತೆ.

ಅವಳು ಇಸ್ತ್ರಿ ಕೆಳಗಿಟ್ಟಳು. "ಅಲ್ಲಿ ಹೆಂಗ್ ಹೇಳಿದ್ರೋ ಹಂಗೇ ಹೇಳಿ ಪಾನ್ ರಿಮ್ಶಾ."

ಅಪ್ಪ ಟೊಪ್ಪಿ ತೆಗೆದು, ಒದ್ದೆ ಬಟ್ಟೆಗಳ ನಡುವೆ ನೆಟ್ಟಗೆ ನಿಂತು ಹೇಳಿದರು: "ಇಗ್ನಾತ್ಸಿ ಗಾಯ್ದಾ, ಹುಟ್ಟಿದ್ದು ಇಪ್ಪತ್ತನಾಲ್ಕರಲ್ಲಿ, ಹಿಡಿದದ್ದು ಮಾರ್ಚ್ ಹನ್ನೊಂದು."

"ಆ ಹುಡುಗಿ ಹೆಂಗಂದ್ಲು?"

ಅಪ್ಪ ರಷ್ಯನ್ನಿನಲ್ಲಿ ಹೇಳಿದರು. ಕಲಿತಿದ್ದಾರೆ.

"ಇಂಗ್ಲಿಷ್‌ನೋನು?"

ಅದನ್ನೂ ಹೇಳಿದರು.

ಅವಳು ತುಟಿಯಾಡಿಸುತ್ತಾ ಕೇಳಿಸಿಕೊಂಡಳು. "ವರ್ಷ, ತಾರೀಕು ಎಲ್ಲ ಬೇರೆ ಬೇರೆ ಥರ ಕೇಳುತ್ತೆ. ಹೆಸರು ಮಾತ್ರ ಮೂರರಲ್ಲೂ ಒಂದೇ ಅಲ್ವಾ?"

"ಒಂದೇ."

"ಹಂಗಾದ್ರೆ ಅವನನ್ನ ಯಾರೂ ಇನ್ಯಾರೋ ಅಂದ್ಕೊಳಕ್ಕಾಗಲ್ಲ," ಎಂದಳು, ಮತ್ತೆ ಇಸ್ತ್ರಿ ಎತ್ತಿಕೊಂಡಳು.

ನಿನ್ನ ತಮ್ಮ
ಗಾಬ್ರಿಯೆಲ್